ಶಾಲೆಯ ಮುಂದಿನ ನೇರಳೆ ಬೇಲಿ

ಫೆಬ್ರವರಿ 9

ಇವಳೇ,

ನೀನು ಹೊರಟರೆ ನರ್ಸರಿ ಮುಳುಗಿಹೋಗುತ್ತದೆ ಎಂದು ನಿಮ್ಮಕ್ಕ ಭವಿಷ್ಯ ನುಡಿದಿದ್ದರಲ್ಲ, ಅವರಿಗೆ ಹೇಳು, ಇನ್ನೂ ತೇಲುತ್ತಿದೆ. ಶಾಲೆಯ ಮುಂದಿನ ಬೇಲಿ ನೆಟ್ಟು ಮುಗಿಸಿದೆ. ಗೇಟಿನ ಎರಡೂ ಪಕ್ಕ, ಗೋಡೆಯ ಉದ್ದಕ್ಕೂ ನಮ್ಮ ನೇರಳೆ ಬಣ್ಣದ ಎಲೆಯ ಪೊದೆಗಳೇ. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ನೀನೇ ಬಿತ್ತಿದ್ದೆಯಲ್ಲ, ಅವೇ ಸಸಿಗಳು. “ನಾನು ಬರುವವರೆಗೆ ಸಸಿ ಆರಿಸಬೇಡಿ, ಆರಿಸಬೇಡಿ” ಎಂದು ನೀನು ಬಸ್ಸು ಹತ್ತುವಾಗಲೂ ಹೇಳಿದ್ದೆ. ಆಪರೇಷನ್ ಆದ ನಿಮ್ಮಕ್ಕನ ಮಂಡಿ ಯಾವಾಗ ಮಡಚೀತು, ನೀನು ಯಾವಾಗ ಬಂದೀಯೆ? ನಾನೇ ಆರಿಸಿದೆ. ಒಳ್ಳೇ ಕಪ್ಪಗೆ, ದಟ್ಟವಾಗಿ ಮೈತುಂಬಿಕೊಂಡಿದ್ದವನ್ನು ಶಾಲೆಗೆ ಕೊಟ್ಟು, ಪೇಲವವಾಗಿದ್ದವನ್ನು ಹಿಂದಿನ ಸಾಲಿಗೆ ತಳ್ಳಿದೆ. ಇಷ್ಟಕ್ಕೆ ನೀನು ವರ್ಷಾವರ್ಷ ಎರಡೆರಡು ದಿನ ಕುಕ್ಕರಗಾಲಲ್ಲಿ ಕೂರುತ್ತಿದ್ದೆ!

ಹೆಡ್‌ಮಿಸ್ ಹೇಳಿದ್ದು ನೆನಪಿದೆಯಲ್ಲ. ನಮ್ಮ ನರ್ಸರಿ ಇರುವ ಜಾಗ ಶಾಲೆಯದು, ಕರಾರು ಈ ಬೇಸಿಗೆಗೆ ಮುಗಿಯುತ್ತದೆ. ಬೇಲಿ ಮಕ್ಕಳ ಸಮವಸ್ತ್ರದ ಹಾಗೆ ನೇರಳೆಯಾಗಿ ಎದ್ದು ನಿಂತರೆ ಕರಾರು ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿ ಶಾಲೆಯ ಬಸ್ಸಿಗೆ ಶೆಡ್ಡು. ನಲ್ಲಿಯಲ್ಲಿ ನೀರು ಬಂದರೆ ನೆಂಟರು ಬಂದ ಹಾಗೆ ಓಡುವ ಈ ಬೀದಿಯಲ್ಲಿ ಬೇರೆ ಯಾವ ಗಿಡ ಬೇಲಿಯಾಗಿ ನಿಂತೀತು? ಇದಕ್ಕೆ ಒಮ್ಮೆ ಬೇರು ಹಿಡಿದ ಮೇಲೆ ನೀರು ಬೇಡ, ಗೊಬ್ಬರ ಬೇಡ, ಮುದ್ದು ಬೇಡ. ಥೇಟ್ ನನ್ನ ಹಾಗೆ.

ಅಡುಗೆ ಮಾಡಿಕೊಳ್ಳುತ್ತಿದ್ದೇನೆ. ತಿನ್ನುವ ಹಾಗೂ ಇದೆ. ಫೋನು ಮಾಡಬೇಡ. ಅದು ನಿಮ್ಮಕ್ಕನ ದಿಂಬಿನ ಪಕ್ಕದಲ್ಲಿರುತ್ತದೆ, ನಾನು ಒಂದು ಆಡಿದರೆ ಅವರು ಎರಡು ಸೇರಿಸುತ್ತಾರೆ. ಕಾಗದವೇ ಬರಿ.


ಫೆಬ್ರವರಿ 16

ರೀ,

ನಿಮ್ಮ ಕಾಗದ ಓದಿದ ಕೂಡಲೇ ಬರೆಯಲು ಕೂತೆ. ಆರಿಸಬೇಡಿ ಎಂದಿದ್ದು ನಿಮಗೆ ಕೆಲಸ ಬಾರದು ಎಂದಲ್ಲ. ಬೀಜದಿಂದ ಎದ್ದ ಈ ಸಸಿಗಳೆಲ್ಲ ತಾಯಿಯ ಬಣ್ಣ ಹೊತ್ತು ಬರುವುದಿಲ್ಲ, ಎಷ್ಟೋ ಹಸಿರಾಗಿಯೇ ಉಳಿದುಬಿಡುತ್ತವೆ, ನಿಮಗೆ ಗೊತ್ತಿರುವುದೇ. ನೆರಳಲ್ಲಿ ಕೊಬ್ಬಿದ ಹಸಿರು ಸಸಿಯೂ ಕಪ್ಪಗೇ ಕಾಣುತ್ತದೆ. ಕುಡಿ ನೋಡಿದಿರಾ? ಬಿಸಿಲಿಗೆ ಹಿಡಿದು ನೋಡಿದಿರಾ? ಸುಮ್ಮನೆ ಕೇಳುತ್ತಿದ್ದೇನೆ, ಸಿಡುಕಬೇಡಿ.

ಅಕ್ಕನ ಮಂಡಿಯ ಹೊಲಿಗೆ ಬಿಚ್ಚಿದರು. ಬದುಕಿಡೀ ದರ್ಜಿ ಕೆಲಸ ಮಾಡಿದವಳು ಸುಮ್ಮನಿರುತ್ತಾಳೆಯೇ? “ನನ್ನ ಹತ್ರ ಕಲಿಯೋಕೆ ಬಂದ ಹುಡುಗೀರು ಮೊದಲನೇ ದಿನಾನೇ ಇದಕ್ಕಿಂತ ನೆಟ್ಟಗೆ ಹೊಲೀತಿದ್ರು” ಎಂದು ಡಾಕ್ಟರ ಮುಖಕ್ಕೇ ಹೇಳಿದಳು. ಪಾಪ, ಅವರು ನಕ್ಕುಬಿಟ್ಟರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ಯಾವಾಗ ಬರಬೇಕು ಎಂದು ನೀವು ಬರೆದಿಲ್ಲ. ಬರೆಯಿರಿ.


ಫೆಬ್ರವರಿ 27

ಇವಳೇ,

ತಲೆ ಚಿಟ್ಟು ಹಿಡಿದುಹೋಗಿದೆ. ಹೆಡ್‌ಮಿಸ್ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ನೇರ ಗೇಟಿಗೇ ಬಂದರು. “ಏನ್ರೀ ಇದು, ತೇಪೆ ಹಾಕಿದ ಕಂಬಳಿ ಥರ ಇದೆ? ಒಂದು ನೇರಳೆ, ಎರಡು ಹಸಿರು, ಮತ್ತೆ ಒಂದು ನೇರಳೆ!”

“ಬಿಸಿಲು ಬೀಳಲಿ ಮೇಡಂ, ಬಣ್ಣ ಏರುತ್ತೆ” ಅಂದೆ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೀ? ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದೆಯಲ್ಲ!”

ನಾನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದೆ. ಎಲ್ಲ ಒಂದೇ ಥರ ಇವೆ. ಒಂದು ಎಲೆ ಹೆಚ್ಚು ಕಪ್ಪು, ಒಂದು ಕಡಿಮೆ, ಅಷ್ಟು ಎಲ್ಲಿ ಇರುವುದಿಲ್ಲ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಅವರಿಗೆ ಶೆಡ್ಡು ಬೇಕು, ಅದಕ್ಕೊಂದು ನೆಪ ಬೇಕು. ನನಗೆ ಅರ್ಥವಾಗುವುದಿಲ್ಲವೇ? ಸಾಲದ್ದಕ್ಕೆ ಶಾಲೆಯ ಕಾವಲುಗಾರ ಕಳ್ಳತನದಲ್ಲಿ ಪೈಪು ಬಿಟ್ಟು ನೀರು ಕುಡಿಸುತ್ತಿದ್ದಾನೆ. “ಪಾಪ ಅನ್ನಿಸ್ತು ಸಾರ್” ಅಂತೆ! ನೀರು ಹೆಚ್ಚಾದರೆ ಈ ಗಿಡ ಹಸಿರಿಗೆ ತಿರುಗುತ್ತದೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಪೈಪನ್ನೇ ಕಿತ್ತು ತಂದು ನಮ್ಮ ಕೋಣೆಯಲ್ಲಿಟ್ಟಿದ್ದೇನೆ.

ನೀನು ಬರುವುದು ನಿಮ್ಮಕ್ಕನ ಮಂಡಿಗೆ ಬಿಟ್ಟದ್ದು. ಇಲ್ಲಿ ನಿನಗೆ ಕೆಲಸವೇನೂ ಕಾದಿಲ್ಲ.


ಮಾರ್ಚ್ 6

ರೀ,

ಕೆಲಸವೇನೂ ಕಾದಿಲ್ಲ ಎಂದಿರಿ. ಸಂತೋಷ. ಇಲ್ಲೇ ಇರುತ್ತೇನೆ, ಇಲ್ಲಿ ಬೇಕಾದಷ್ಟು ಕೆಲಸವಿದೆ. ಮೊನ್ನೆ ಅಕ್ಕ ಪೊರಕೆ ಹಿಡಿದು ಬೆಕ್ಕನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋದಳು. ಅವಳನ್ನು ಹಿಡಿದು ತರುವುದೇ ಒಂದು ದೊಡ್ಡ ಕೆಲಸವಾಯಿತು.

ಬೇಲಿಯ ವಿಚಾರಕ್ಕೆ ನನ್ನದೊಂದು ಮಾತು. ಹೆಡ್‌ಮಿಸ್ ಜೊತೆ ವಾದಕ್ಕೆ ನಿಲ್ಲಬೇಡಿ. ಅವರ ಕೈಗೆ ಒಂದಷ್ಟು ದಾರ ಕೊಡಿ, ಹಸಿರು ಎಂದು ಅವರಿಗೆ ಕಂಡ ಗಿಡಕ್ಕೆಲ್ಲ ಅವರೇ ಕಟ್ಟಲಿ. ಕಟ್ಟಿದ್ದನ್ನು ಕಿತ್ತು, ಹಿಂದಿನ ಸಾಲಿನವನ್ನು ನೆಡಿ. ಅವುಗಳಲ್ಲೂ ಯಾವುದನ್ನು ಎಂದು ಅವರೇ ತೋರಿಸಲಿ. ಅವರ ಕಣ್ಣು, ಅವರ ಬೇಲಿ, ಅವರ ಶಾಲೆ. ನಿಮಗೇನು ನಷ್ಟ? ಜಾಗ ಉಳಿದರೆ ಸಾಕಲ್ಲ.

ಈ ಒಂದು ಸಲ ನನ್ನ ಮಾತು ಕೇಳಿ. ದಮ್ಮಯ್ಯ.


ಮಾರ್ಚ್ 11

ಇವಳೇ,

ದಾರವಂತೆ! ನಾನು ಮೀಸೆ ಬಂದಾಗಿನಿಂದ ಗಿಡ ಸಾಕುತ್ತಿದ್ದೇನೆ, ನನ್ನ ಗಿಡ ಆರಿಸಲು ಪಾಠ ಹೇಳುವ ಹೆಂಗಸು ಬರಬೇಕೇ? ನೀನೂ ಅವರ ಪಕ್ಷ ಸೇರಿದೆಯಾ? ಮನೆಯವಳೇ ಹೀಗೆಂದರೆ ಹೊರಗಿನವರನ್ನು ಏನು ಅನ್ನಲಿ?

ಇವರೆಲ್ಲ ಆ ಚುಕ್ಕಿ ಪುಸ್ತಕದ ಡಾಕ್ಟರನ ಜಾತಿಯವರೇ. ಮದುವೆಯಾದ ಹೊಸತರಲ್ಲಿ ಹೇಳಿದ್ದೆನಲ್ಲ. ಬಸ್ಸಿನ ಡ್ರೈವರ್ ಕೆಲಸಕ್ಕೆ ಹೋದರೆ ಎದುರಿಗೆ ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು “ಇದರಲ್ಲಿ ಯಾವ ಅಂಕಿ ಇದೆ, ಹೇಳು” ಅಂದ. ಚುಕ್ಕಿಯೊಳಗೆ ಎಲ್ಲಿಯ ಅಂಕಿ? ಇಲ್ಲ ಅಂದೆ. ಹಾಗಾದರೆ ಕೆಲಸವೂ ಇಲ್ಲ ಅಂದ. ತನ್ನ ಕಡೆಯವನಿಗೆ ಕೊಡಿಸಿದ, ಕಳ್ಳ ನನ್ಮಗ. ಇಲ್ಲದ್ದನ್ನು ಇದೆ ಅನ್ನುವವರನ್ನು ಕಂಡರೆ ನನಗೆ ಅಂದಿನಿಂದಲೂ ಮೈ ಉರಿಯುತ್ತದೆ.

ಇನ್ನು ಬೇಲಿಯ ಸುದ್ದಿ ಎತ್ತಬೇಡ.


ಮಾರ್ಚ್ 20

ರೀ,

ಎತ್ತುವುದಿಲ್ಲ. ಅಕ್ಕನ ಮಂಡಿ ಇನ್ನೂ ಸರಿಹೋಗಿಲ್ಲ, ಹಾಗಾಗಿ ಬರುವ ಸುದ್ದಿಯನ್ನೂ ಎತ್ತುವುದಿಲ್ಲ.

ಇದರ ಜೊತೆ ಒಂದು ಹಸಿರು ಜಿಲೇಟಿನ್ ಹಾಳೆ ಮಡಚಿ ಇಟ್ಟಿದ್ದೇನೆ. ಅಕ್ಕನ ಹತ್ತಿರ ಹೊಲಿಗೆ ಕಲಿತವರು ಯಾರೋ ಹೂಗುಚ್ಛ ತಂದಿದ್ದರು, ಅದಕ್ಕೆ ಸುತ್ತಿದ್ದ ಹಾಳೆ. ಗಿಡಕ್ಕೆ ರೋಗ ಇದೆಯೋ ಇಲ್ಲವೋ ಎಂದು ಹೀಗೆ ಹಾಳೆ ಹಿಡಿದು ನೋಡುತ್ತಾರಂತೆ, ಯಾವುದೋ ಪತ್ರಿಕೆಯಲ್ಲಿ ಓದಿದೆ. ಎಲೆ ಇದ್ದಲಿನ ಹಾಗೆ ಕಪ್ಪಗೆ ಕಂಡರೆ ಗಟ್ಟಿ ಗಿಡ. ಬೆಳ್ಳಗೆ ಕಂಡರೆ ಅದರಲ್ಲಿ ಸತ್ವವಿಲ್ಲ, ಪಕ್ಕಕ್ಕಿಡಬೇಕು. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಣ್ಣಿಗೆ ಅಡ್ಡ ಹಿಡಿದು ಒಂದು ಸಲ ನೋಡಿ. ಬೇಲಿಯನ್ನೇ ನೋಡಿ ಎನ್ನುವುದಿಲ್ಲ. ಹಿಂದಿನ ಸಾಲಿನ ಸಸಿಗಳನ್ನಾದರೂ ನೋಡಿ.

ಹಾಳೆ ಹರಿಯದಂತೆ ಇಟ್ಟುಕೊಳ್ಳಿ.


ಮಾರ್ಚ್ 26

ಇವಳೇ,

ಅಲ್ಲೇ ಇದ್ದು ಇದ್ದು ನಿನಗೆ ನಿಮ್ಮಕ್ಕನ ಗಾಳಿ ಬಡಿದಿದೆ. ಹಸಿರು ಹಾಳೆ ಹಿಡಿದು ನೋಡಿದರೆ ಲೋಕವೆಲ್ಲ ಹಸಿರೇ ಕಾಣುತ್ತದೆ, ಇದಕ್ಕೆ ಪತ್ರಿಕೆಯಲ್ಲಿ ಬರೆಯುವ ಪಂಡಿತ ಬೇಕೇ? ಹೆಡ್‌ಮಿಸ್ ನನ್ನ ಗಿಡ ಹಸಿರು ಅನ್ನುತ್ತಾರೆ, ನೀನು ಹಸಿರು ಹಾಳೆ ಕಳಿಸುತ್ತೀಯೆ. ಗೇಲಿ ಮಾಡುವುದಾದರೆ ನೇರವಾಗಿ ಮಾಡು. ಹಾಳೆ ದಂಡವಾಗಲಿಲ್ಲ, ಬೀಜದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಅದರ ಬಾಯಿಗೆ ಕಟ್ಟಿದೆ. ಇರುವೆ ಬರುವುದು ನಿಂತಿದೆ.

ಹೆಡ್‌ಮಿಸ್ ಕೊನೆಯ ಮಾತು ಹೇಳಿದರು. ಮೇ 16, ಶನಿವಾರ ಆಡಳಿತ ಮಂಡಳಿ ಕೂರುತ್ತದೆ. ಅಷ್ಟರೊಳಗೆ ಬೇಲಿ ಒಂದೇ ಬಣ್ಣ ಆಗಿರಬೇಕು, ಇಲ್ಲದಿದ್ದರೆ ಜಾಗ ಖಾಲಿ. ನಾನು ನಿನ್ನ ಮಾತೂ ಕೇಳದೆ, ಅವರ ಮಾತೂ ಕೇಳದೆ, ನನ್ನ ಅಂದಾಜಿನಲ್ಲೇ ಒಂದಷ್ಟು ಗಿಡ ಕಿತ್ತು ಬೇರೆ ನೆಟ್ಟೆ. “ಚೆನ್ನಾಗಿರೋದನ್ನೇ ಕಿತ್ರಲ್ರೀ!” ಎಂದು ಹೆಡ್‌ಮಿಸ್ ತಲೆ ಚಚ್ಚಿಕೊಂಡರು. ಇವರನ್ನು ಮೆಚ್ಚಿಸಲು ಆ ದೇವರಿಂದಲೂ ಆಗದು. ಮಾಡುವುದೇನೆಂದು ನನಗೆ ನಿಜವಾಗಿಯೂ ತಿಳಿಯುತ್ತಿಲ್ಲ.


ಏಪ್ರಿಲ್ 4

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೀಜ ತೆಗೆಯಲೆಂದು ಡಬ್ಬಿಯ ಹಾಳೆ ಬಿಚ್ಚಿದೆ. ಹರಿದಿದೆಯೇನೋ ಎಂದು ಬೆಳಕಿಗೆ ಹಿಡಿದೆ. ಹಾಳೆಯ ಆಚೆಗೆ ಹಿಂದಿನ ಸಾಲು. ನಾನು ಪೇಲವ ಎಂದು ತಳ್ಳಿದ್ದೆನಲ್ಲ, ಅವು. ಒಂದು ಸಸಿ ಇದ್ದಲಿನಷ್ಟು ಕಪ್ಪು, ಪಕ್ಕದ್ದು ಬೆಳ್ಳಗೆ, ಆಮೇಲೆ ಮತ್ತೆ ನಾಲ್ಕು ಕಪ್ಪು. ಹಾಳೆ ಇಳಿಸಿದರೆ ಎಲ್ಲ ಒಂದೇ. ಎತ್ತಿದರೆ ಬೇರೆ ಬೇರೆ. ಇಳಿಸಿ ಎತ್ತಿ, ಇಳಿಸಿ ಎತ್ತಿ, ಕೈ ನೋಯುವವರೆಗೆ ನೋಡಿದೆ.

ಅಲ್ಲಿಂದ ಬೇಲಿಗೆ ಹೋದೆ. ಹಾಳೆಯನ್ನು ಮುಖಕ್ಕೆ ಹಿಡಿದುಕೊಂಡೇ ನಡೆದೆ. ಕಾವಲುಗಾರ ನನಗೆ ಏನೋ ಆಗಿದೆ ಎಂದುಕೊಂಡು ಕುರ್ಚಿ ತಂದುಕೊಟ್ಟ. ತೇಪೆ ಹಾಕಿದ ಕಂಬಳಿಯೇ ಇದು! ಆಯಮ್ಮ ಸುಳ್ಳು ಹೇಳಿರಲಿಲ್ಲ.

ರೋಗವೂ ಅಲ್ಲ, ಪತ್ರಿಕೆಯೂ ಅಲ್ಲ. ಹಾಳೆಯಲ್ಲಿ ಕಪ್ಪಗೆ ಕಂಡದ್ದು ನೇರಳೆ, ಬೆಳ್ಳಗೆ ಕಂಡದ್ದು ಹಸಿರು. ನಿನಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಎಲೆ ಮುಟ್ಟಿ ಮುಟ್ಟಿ ಎರಡು ದಿನ ಕೂರುತ್ತಿದ್ದದ್ದು ಇದಕ್ಕೇ. ನಿನ್ನ ಬೆನ್ನ ಹಿಂದೆ ನಾನು ಗಿರಾಕಿಗಳ ಹತ್ತಿರ “ನಮ್ಮ ನರ್ಸರಿಯಲ್ಲಿ ಒಂದೇ ಒಂದು ಹಸಿರು ತೋರಿಸಿ, ಮೀಸೆ ಬೋಳಿಸ್ತೀನಿ” ಎಂದು ಕೊಚ್ಚಿಕೊಳ್ಳುತ್ತಿದ್ದೆ. ನೀನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಒಳಗೊಳಗೇ ನಗುತ್ತಿದ್ದೆಯಾ? ನಿಮ್ಮಕ್ಕನಿಗೂ ಹೇಳಿದ್ದೀಯಾ?

ಆ ಡಾಕ್ಟರು ಕಳ್ಳನಲ್ಲ ಹಾಗಾದರೆ. ಅವನನ್ನು ನಾನು ಬೈಯದ ದಿನವಿಲ್ಲ. ಒಂದು ಮಾತು ಹೇಳಬಾರದಿತ್ತೇ? ನನ್ನನ್ನು ಮೂರ್ಖನ ಹಾಗೆ ಕುಣಿಸಿಬಿಟ್ಟೆ.


ಏಪ್ರಿಲ್ 21

ರೀ,

ಉತ್ತರ ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಈಗ ಹರಿಯುವುದಿಲ್ಲ.

ಹೌದು, ಗೊತ್ತಿತ್ತು. ಆ ಡಾಕ್ಟರ ಕಥೆಯನ್ನು ನೀವು ನನಗೆ ಮೊದಲ ಸಲ ಹೇಳಿದಾಗ ನಗುನಗುತ್ತ ಹೇಳಿದಿರಿ. ಕೊನೆಗೆ, ಅದನ್ನು ಕೇಳಿ ಮಾವನವರು “ಕುರುಡನಿಗೆ ಯಾವನು ಬಸ್ಸು ಕೊಡ್ತಾನೆ” ಎಂದು ಬೀದಿಯಲ್ಲಿ ನಿಂತು ಕೂಗಿದರು ಎಂದಿರಿ. ಆಗ ನಗಲಿಲ್ಲ. ಊಟ ಬಿಟ್ಟು ಎದ್ದುಹೋದಿರಿ. ಅದಾದ ಮೇಲೆ ನಿಮ್ಮ ಕಣ್ಣಿನ ಸುದ್ದಿ ನನ್ನ ಬಾಯಿಂದ ಹೇಗೆ ಬರಬೇಕು?

ನಾವು ಮೊದಲು ಮಾರಿದ ನೇರಳೆ ಗಿಡಗಳು ಹಸಿರಾಗಿವೆ ಎಂದು ಒಬ್ಬರು ಹೊತ್ತು ತಂದು ಜಗಳವಾಡಿದರು. “ನೀರು ಜಾಸ್ತಿ ಹಾಕಿದ್ದೀರಿ” ಎಂದು ನೀವು ಅವರನ್ನೇ ದಬಾಯಿಸಿದಿರಿ. ಗಿಡ ನನ್ನ ಕೈಯಲ್ಲಿತ್ತು. ಹುಟ್ಟಾ ಹಸಿರು. ಮುಂದಿನ ವರ್ಷದಿಂದ ನಾನು ಆರಿಸಲು ಕೂತೆ. ನಗಲಿಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಅಕ್ಕನಿಗೂ ಹೇಳಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು.

ನಿಮಗೆ ಸಿಟ್ಟು ಬಂದಿದೆ. ನನಗೆ ಬರಬಾರದೇ? ಅಷ್ಟು ವರ್ಷ ಸೊಂಟ ಮುರಿಯುವ ಹಾಗೆ ಕೂತರೆ, “ಯಾಕೆ ಇಷ್ಟು ಹೊತ್ತು ಕೂರ್ತೀಯ” ಎಂದು ಒಂದು ದಿನ ಕೇಳಿದ್ದುಂಟೇ? “ನಮ್ಮನೆಯವಳಿಗೆ ಎಲೆ ಹುಚ್ಚು” ಎಂದು ಬಂದವರ ಮುಂದೆಲ್ಲ ಆಡಿಕೊಂಡಿರಿ. ಹೋಗಲಿ ಎಂದುಕೊಂಡೆ. ನಾನು ಅಕ್ಕನ ಮನೆಗೆ ಬಂದ ಮೇಲೆ “ಇಲ್ಲಿ ನಿನಗೆ ಕೆಲಸವೇನೂ ಕಾದಿಲ್ಲ” ಎಂದು ಬರೆದಿರಿ. ಅದು ಮಾತ್ರ ಹೋಗಲಿ ಎನ್ನುವ ಹಾಗೆ ಇರಲಿಲ್ಲ.

ಅಕ್ಕ ಮಾರ್ಚಿನಿಂದಲೇ ಓಡಾಡುತ್ತಿದ್ದಾಳೆ. ಅವಳಿಗೆ ನಾನು ಬೇಕಿಲ್ಲ. “ನಿನ್ನ ಗಂಡ ಕರೆಯೋದಿಲ್ವೇನೇ?” ಎಂದು ದಿನಾ ಕುಟುಕುತ್ತಾಳೆ. ಏನು ಹೇಳಲಿ?


ಮೇ 4

ಇವಳೇ,

ನಿನ್ನ ಕಾಗದವನ್ನು ಎರಡು ಮೂರು ಸಲ ಓದಿದೆ. ಅದರ ಮಾತು ಆಮೇಲೆ. ಮೊದಲು ಅವಸರದ್ದು.

ಹಾಳೆ ಹಿಡಿದು ಬೆಳ್ಳಗೆ ಕಂಡ ಗಿಡಗಳನ್ನೆಲ್ಲ ಕಿತ್ತೆ. ಹಿಂದಿನ ಸಾಲಿನ ಕಪ್ಪನ್ನು ತಂದು ನೆಟ್ಟೆ. ಈ ಬಿಸಿಲಿಗೆ ಬೇರು ಹಿಡಿಯುವವರೆಗೆ ನೀರು ಬೇಕಲ್ಲ, ಕಾವಲುಗಾರನ ಪೈಪನ್ನು ಅವನಿಗೇ ವಾಪಸ್ಸು ಕೊಟ್ಟೆ. ಗೆದ್ದವನ ಹಾಗೆ ನೋಡಿದ. ಒಂದು ಗಿಡವೂ ಸತ್ತಿಲ್ಲ.

ಹೆಡ್‌ಮಿಸ್ ಬಂದು ಉದ್ದಕ್ಕೂ ನೋಡಿದರು. “ಈಗ ಸರಿಯಾಯ್ತು ನೋಡಿ. ಇಷ್ಟು ದಿನ ಯಾಕೆ ಹಟ ಮಾಡಿದ್ರಿ?”

ಏನಾದರೂ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಕೈಯಲ್ಲಿ ಹಾಳೆ ಇತ್ತು. “ನನಗೆ ಬಣ್ಣ ತಿಳಿಯೋದಿಲ್ಲ ಮೇಡಂ. ಈ ನೇರಳೆ, ಈ ಹಸಿರು ಎರಡೂ ನನಗೆ ಒಂದೇ” ಅಂದೆ. ಕಾವಲುಗಾರನೂ ಅಲ್ಲೇ ಇದ್ದ. ಹೇಳಿಬಿಟ್ಟೆ. ಹೇಳಿದರೆ ಆಕಾಶ ಬೀಳುತ್ತದೆ ಎಂದುಕೊಂಡಿದ್ದೆ, ಬೀಳಲಿಲ್ಲ.

“ಮತ್ತೆ ಇಷ್ಟು ವರ್ಷ ಯಾರು ಆರಿಸ್ತಿದ್ರು?”

“ಮನೆಯವಳು.”

“ಹಾಗಾದ್ರೆ ಕರಾರು ಅವರ ಹೆಸರಿಗೇ ಆಗ್ಲಿ. ಹದಿನಾರಕ್ಕೆ ಅವರನ್ನ ಕರ್ಕೊಂಡು ಬನ್ನಿ, ಸಹಿ ಅವರದ್ದೇ ಬೇಕು.”

ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯಿತು. ಆದರೂ ಆಗಲಿ ಎಂದು ತಲೆಯಾಡಿಸಿದೆ. ನ್ಯಾಯವೇ ಅದು. ಹದಿನೈದಕ್ಕೆ ಹೊರಟು ಬಂದುಬಿಡು, ಸಹಿ ಹಾಕಬೇಕು. ಜಾಗ ಉಳಿಯುತ್ತದೆ.


ಮೇ 12

ರೀ,

ನೀವು ಹಾಗೆ ಎಲ್ಲರ ಮುಂದೆ ಹೇಳಿದ್ದನ್ನು ಓದಿ ಅತ್ತೆ. ಅಕ್ಕ ಯಾಕೆ ಎಂದು ಕೇಳಿದಳು, ಈರುಳ್ಳಿ ಎಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಆದರೆ ಸಹಿ ಹಾಕಲು ಬರುವುದಿಲ್ಲ.

ನನ್ನ ಕಾಗದದ ಮಾತು ಆಮೇಲೆ ಎಂದಿರಿ. ಆಮೇಲೆ ಎಂದರೆ ಯಾವಾಗ? ಮೊದಲು ಸಸಿ ಆರಿಸಲು ನಾನು ಬೇಕಿತ್ತು, ಈಗ ಸಹಿಗೆ ಬೇಕು. ನಾಳೆ ಇನ್ನೇನಕ್ಕೋ. ಕೊಡಲಿ ಬೇಕೆಂದು ಪಕ್ಕದ ಮನೆಯ ಬಾಗಿಲು ತಟ್ಟುವ ಹಾಗೆ ಕರೆಯುತ್ತೀರಿ. ನಾನು ಕೆಟ್ಟವಳೇ ಇರಬಹುದು, ಜಾಗ ಹೋದರೆ ನನಗೂ ಸಂಕಟವೇ. ಒಂದೊಂದು ಕುಂಡವನ್ನೂ ಎತ್ತಿಟ್ಟಿದ್ದು ಈ ಕೈ. ಆದರೂ ಈ ಸಲ ನನ್ನಿಂದ ಆಗುವುದಿಲ್ಲ. ಅವರಿಗೆ ಏನು ಹೇಳುತ್ತೀರೋ ಹೇಳಿ.


ಮೇ 17

ಇವಳೇ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು, ಮಂಡಳಿಯವರು ಕೂರುವ ಹೊತ್ತಿಗೆ. ಫೋನು ಎತ್ತಿಕೊಂಡೆ. ನಿಮ್ಮಕ್ಕ “ಯಾರು?” ಅಂದರು. ಇಟ್ಟುಬಿಟ್ಟೆ. ನಿನಗೆ ಹೇಳಬೇಕಾದ್ದನ್ನು ಅವರ ಕಿವಿಗೆ ಹೇಳಲು ಬಾಯಿ ಬರಲಿಲ್ಲ.

ಒಬ್ಬನೇ ಒಳಗೆ ಹೋದೆ. “ಮನೆಯವರು ಎಲ್ಲಿ?” ಎಂದು ಹೆಡ್‌ಮಿಸ್ ಕೇಳಿದರು. ಬರಲಿಲ್ಲ ಅಂದೆ. ಯಾಕೆ ಅಂದರು. ನಾನು ಸರಿಯಾಗಿ ಕರೆಯಲಿಲ್ಲ ಅಂದೆ. ಮಂಡಳಿಯವರು ಮುಖ ಮುಖ ನೋಡಿಕೊಂಡರು. ಸಹಿ ಇಲ್ಲದೆ ಕರಾರು ಇಲ್ಲ ಎಂದು ಒಬ್ಬರು, ಮುಂದಿನ ಸಭೆಯಲ್ಲಿ ನೋಡೋಣ ಎಂದು ಇನ್ನೊಬ್ಬರು. ಜಾಗ ಉಳಿದರೂ ಉಳಿದೀತು, ಹೋದರೂ ಹೋದೀತು. ಹೆಡ್‌ಮಿಸ್ ಮಾತ್ರ ಗೇಟಿನವರೆಗೂ ಬಂದು ಬೇಲಿ ಚೆನ್ನಾಗಿ ಬಂದಿದೆ ಎಂದು ಇನ್ನೊಮ್ಮೆ ಹೇಳಿದರು.

ಕುಂಡಗಳ ನಡುವೆ ಕೂತು ಬರೆಯುತ್ತಿದ್ದೇನೆ. ಸಹಿಯ ದಿನ ಕಳೆದುಹೋಯಿತು. ಸಸಿ ಆರಿಸಲು ಹಾಳೆ ಇದೆ. ಅಡುಗೆ ಕಲಿತಿದ್ದೇನೆ, ಉಪ್ಪು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಅದಕ್ಕಾಗಿ ನಿನ್ನನ್ನು ಅಷ್ಟು ದೂರದಿಂದ ಕರೆಸಬೇಕಾಗಿಲ್ಲ. ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿನ್ನನ್ನು ಕರೆಯಲು ನನ್ನ ಹತ್ತಿರ ಒಂದು ಕಾರಣವೂ ಉಳಿದಿಲ್ಲ.

ಬಾ.